ಮನೆವಾರ್ತೆ: ಹಳೆಯ ಜೀಪೂ ಹೊಗೆಯ ಪರೀಕ್ಷೆಯೂ

ಕಳೆದ ಸಂಚಿಕೆಯಲ್ಲಿ ಅರಿಸಿನವನ್ನು ಬೇಯಿಸಿ ಒಣಗಿಸುವ ಕ್ರಮವನ್ನು ಕುರಿತು ಬರೆದುದನ್ನು ಓದಿ, ಗುಂಡ್ಲುಪೇಟೆಯ ಕಡೆಯ ವಾಚಕರೊಬ್ಬರು ಹೀಗೆ ಕೇಳಿದ್ದಾರೆ: “ಅರಿಸಿನವನ್ನು ಪೇಟೆಗೆ ಸಾಗಿಸುವ ನಮ್ಮ ಹಳೆಯ ಜೀಪು ಹೊಗೆಯ ಪರೀಕ್ಷೆಯಲ್ಲಿ ಬಿದ್ದುಹೋಗಿದೆ. ಅದನ್ನು ಗುಜರಿಗೆ ಹಾಕುವುದೋ, ಇಟ್ಟುಕೊಳ್ಳುವುದೋ ತಿಳಿಯದು.” ಈ ಪ್ರಶ್ನೆಯನ್ನು ಓದಿ ನನಗೆ ನಗುವೂ ಬಂದಿತು, ನಾಚಿಕೆಯೂ ಆಯಿತು. ಏಕೆಂದರೆ ಹರದನಹಳ್ಳಿಯ ನಮ್ಮ ಮನೆಯ ಜೀಪೂ ಇತ್ತೀಚೆಗೆ ಅದೇ ಪರೀಕ್ಷೆಯಲ್ಲಿ ಹಾಗೆಯೇ ಬಿದ್ದಿತ್ತು. ಬಿದ್ದುದಕ್ಕೆ ಕಾರಣ ಜೀಪಲ್ಲ, ನಾನು.

ಎರಡನೆಯ ಮಹಾಯುದ್ಧದ ರಣರಂಗದಲ್ಲಿ ಹೆಸರು ಮಾಡಿದ ಈ ವಾಹನವನ್ನು ೧೯೪೭ರಿಂದೀಚೆಗೆ ಮುಂಬಯಿಯ ಮಹೀಂದ್ರ ಸಂಸ್ಥೆಯವರು ನಮ್ಮ ದೇಶಕ್ಕೆ ಪರಿಚಯ ಮಾಡಿಸಿದರು. ಆಮೇಲೆ ಅದು ಅರಣ್ಯ ಇಲಾಖೆಗೆ, ತೋಟದವರಿಗೆ, ಕಲ್ಲುಗಣಿಯವರಿಗೆ ಎಷ್ಟು ಬೇಕಾದುದಾಯಿತೆಂಬುದನ್ನು ಬಿಳಿಗಿರಿರಂಗನ ಬೆಟ್ಟದ ಆಸುಪಾಸಿನಲ್ಲಿ ವಾಸಿಸುವವರಿಗೆ ಹೇಳಬೇಕಾದುದಿಲ್ಲ. ನಮ್ಮ ಮನೆಯ ಜೀಪನ್ನು ಅಣ್ಣನವರು ೧೯೯೮ರಲ್ಲಿ ಕೊಂಡರು. ಅರಿಸಿನದ ಮೂಟೆ, ಬಾಳೆಯ ಗೊನೆ, ದಿವ್ಯಲಿಂಗೇಶ್ವರನ ಗುಡಿಗೆ ಬರುವ ನೆಂಟರಿಷ್ಟರು, ನಡುರಾತ್ರಿಯಲ್ಲಿ ಹೆರಿಗೆನೋವು ತಿನ್ನುವ ನೆರೆಮನೆಯ ಹೆಣ್ಣುಮಗಳು, ಇವರೆಲ್ಲರನ್ನೂ ಅದು ಹೊತ್ತಿದೆ. ಅಣ್ಣನವರು ತೀರಿಕೊಂಡು ವರ್ಷಗಳಾದವು. ಅತ್ತಿಗೆಯವರು ಇಂದಿಗೂ ಶುಕ್ರವಾರದ ದಿನ ಅದರ ಮುಂಭಾಗಕ್ಕೆ ಕುಂಕುಮವಿಡುವುದನ್ನು ಬಿಟ್ಟಿಲ್ಲ.

ಮೊದಲು ಕಾನೂನಿನ ಮಾತು. ಹಳೆಯದಾಯಿತೆಂಬ ಒಂದೇ ಕಾರಣಕ್ಕೆ ಜೀಪನ್ನು ಕಸಿದುಕೊಳ್ಳುತ್ತಾರೆಂದು ಹೆದರಬೇಕಾಗಿಲ್ಲ. ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳನ್ನು ತಡೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ೨೦೧೫ರಲ್ಲಿ ಮಾಡಿದ ಆಜ್ಞೆ ದೆಹಲಿಯ ಸೀಮೆಗೆ ಸಂಬಂಧಪಟ್ಟುದು. ನಮ್ಮಲ್ಲಿ ಸ್ವಂತ ಬಳಕೆಯ ವಾಹನದ ನೋಂದಣಿ ಹದಿನೈದು ವರ್ಷ ನಡೆಯುತ್ತದೆ. ಆ ಬಳಿಕ ತಪಾಸಣೆಗೆ ಒಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳತಕ್ಕದ್ದು. ನಮ್ಮದಕ್ಕೆ ೨೦೧೩, ೨೦೧೮, ೨೦೨೩ ಹೀಗೆ ಮೂರು ಸಲ ಆಯಿತು. ಹೊಗೆಯ ಪತ್ರದ ವಿಷಯ ಬೇರೆ. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ಹಳೆಯ ವಾಹನಗಳಿಗೆ ಅದು ಆರು ತಿಂಗಳಿಗೊಮ್ಮೆ ಬೇಕು. ಭಾರತ್ ಸ್ಟೇಜ್ ನಾಲ್ಕು ಮತ್ತು ಆಮೇಲಿನ ವಾಹನಗಳಿಗೆ ಮಾತ್ರ ವರ್ಷಕ್ಕೊಮ್ಮೆ ಸಾಕು. ಕಾಯಿದೆಗೆ ೨೦೧೯ರಲ್ಲಿ ತಿದ್ದುಪಡಿಯಾದ ಮೇಲೆ, ಹೊಗೆಯ ಮಿತಿಯನ್ನು ಮೀರಿದ ವಾಹನವನ್ನು ಓಡಿಸಿದವನಿಗೆ ಹತ್ತು ಸಾವಿರ ರೂಪಾಯಿಯವರೆಗೆ ದಂಡ, ಇಲ್ಲವೆ ಮೂರು ತಿಂಗಳವರೆಗೆ ಸಜೆ, ಇಲ್ಲವೆ ಎರಡನ್ನೂ ವಿಧಿಸಬಹುದು.

ನಮ್ಮ ಪತ್ರದ ಅವಧಿ ತೀರಿದ ಮರುದಿನವೇ ಅಣ್ಣನ ಮಗನನ್ನು ಜೊತೆಗೆ ಕರೆದುಕೊಂಡು ಚಾಮರಾಜನಗರಕ್ಕೆ ಹೋದೆ. ಅಲ್ಲಿ ಮಾಡುವ ಪರೀಕ್ಷೆ ಬಹು ಸರಳವಾದುದು. ಸೈಲೆನ್ಸರಿನ ಬಾಯಿಗೆ ಒಂದು ಕೊಳವೆಯನ್ನಿಡುತ್ತಾರೆ. ಗೇರನ್ನು ಬಿಡಿಸಿ, ಅಕ್ಸಿಲರೇಟರನ್ನು ಒಂದೇ ಸಲಕ್ಕೆ ಪೂರ್ತಿಯಾಗಿ ತುಳಿಯುತ್ತಾರೆ. ಯಂತ್ರವು ತನ್ನ ವೇಗದ ತುದಿ ಮುಟ್ಟಿದೊಡನೆ ಕಾಲು ತೆಗೆಯುತ್ತಾರೆ. ಹೀಗೆ ಹಲವು ಸಲ ಮಾಡಿ ಸರಾಸರಿ ತೆಗೆಯುವುದು. ಕೊಳವೆಯಿಂದ ಬಂದ ಹೊಗೆಯ ಮೂಲಕ ಯಂತ್ರದೊಳಗೆ ಬೆಳಕನ್ನು ಹಾಯಿಸುತ್ತಾರೆ. ೪೩೦ ಮಿಲಿಮೀಟರಿನಷ್ಟು ಉದ್ದದ ಹೊಗೆಯನ್ನು ಹಾದುಹೋಗುವಾಗ ಬೆಳಕಿನ ನೂರು ಪಾಲಿನಲ್ಲಿ ಎಷ್ಟು ಪಾಲು ನುಂಗಿಹೋಯಿತೋ ಅದೇ ಹಾರ್ಟ್ರಿಜ್ ಅಳತೆ. ಭಾರತ್ ಸ್ಟೇಜ್ ನಾಲ್ಕಕ್ಕೆ ಮುಂಚಿನ ಡೀಸೆಲ್ ವಾಹನಕ್ಕೆ ೬೫ರವರೆಗೆ ಕ್ಷಮೆಯುಂಟು. ನಾಲ್ಕನೆಯ ಸ್ಟೇಜಿನದಕ್ಕೆ ೫೦. ಎಂದರೆ ಸರ್ಕಾರದವರು ಮುದುಕನಿಂದ ಹುಡುಗನ ಓಟವನ್ನು ಕೇಳಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಬೆಳಕಿನ ಮೂರನೆಯ ಎರಡು ಪಾಲನ್ನು ಹೊಗೆ ನುಂಗಿದರೂ ಸೈರಿಸಿಕೊಳ್ಳುತ್ತಾರೆ.

ನಮ್ಮ ಜೀಪು ೮೧ ತೋರಿಸಿತು.

ಹೊರಗೆ ಬಂದು ನಿಂತಿರುವಾಗ ದಾರಿಯಲ್ಲಿ ಸಿಕ್ಕ ಒಬ್ಬ ಪರಿಚಿತರು, “ಬಂಡಿಯನ್ನು ಏತಕ್ಕೆ ತರುತ್ತೀರಿ ಸ್ವಾಮಿ? ನಂಬರು ಕೊಡಿ. ಇಷ್ಟು ಹಣ ಕೊಟ್ಟರೆ ಎಲ್ಲಿಂದಲಾದರೂ ಸಾಯಂಕಾಲದೊಳಗೆ ಪತ್ರ ತರಿಸಿಕೊಡುತ್ತೇನೆ” ಎಂದರು. ಅಣ್ಣನ ಮಗ ನನ್ನ ಮುಖ ನೋಡಿದ. “ಕೊಟ್ಟುಬಿಡೋಣ ಚಿಕ್ಕಪ್ಪ, ಎಲ್ಲರೂ ಮಾಡೋದೇ ತಾನೆ?” ಎಂದ. ಸುಳ್ಳೇಕೆ ಹೇಳಲಿ, ನನ್ನ ಕೈ ಜೇಬಿನವರೆಗೆ ಹೋಗಿತ್ತು. ಈಗಿನ ಪತ್ರಗಳಲ್ಲಿ ವಾಹನದ ನಂಬರು ಫಲಕದ ಚಿತ್ರವೂ ಸರ್ಕಾರದ ಲೆಕ್ಕದಲ್ಲಿ ದಾಖಲೆಯೂ ಇರುತ್ತವೆಂಬುದು ನೆನಪಾಗಿ ಹಿಂದೆ ಬಂದಿತು. ಅದು ಧರ್ಮದ ಭಯವಲ್ಲ, ದಂಡದ ಭಯ, ಹೊಗಳಿಕೆಗೆ ಅರ್ಹವಲ್ಲ.

ಮನೆಗೆ ಬಂದು ಸಂಗತಿಯನ್ನು ತಿಳಿಸಿದೆನು. ಅತ್ತಿಗೆಯವರು ಮೊರದಲ್ಲಿ ಅವರೆಕಾಳನ್ನು ಕೇರುತ್ತಿದ್ದರು. ತಲೆಯೆತ್ತದೆಯೇ, “ನಿಮ್ಮಣ್ಣ ಇದ್ದಾಗ ಇದು ಹಿಂಗೆ ಹೊಗೆ ಉಗುಳ್ತಿತ್ತಾ, ಹೇಳಪ್ಪ? ನೀನು ಅದೇನೋ ತಿರುಗಿಸಿದ ಮೇಲೆ ತಾನೆ?” ಎಂದರು. ಹಿತ್ತಲಿನಲ್ಲಿ ಜೀಪು ನಿಲ್ಲಿಸುವ ಚಪ್ಪರದ ಪಕ್ಕದಲ್ಲಿ ಬಟ್ಟೆ ಒಣಹಾಕುವ ಹಗ್ಗವೊಂದಿತ್ತು. ಅದನ್ನು ಅವರು ಎರಡು ವರ್ಷದ ಹಿಂದೆಯೇ ಬಿಚ್ಚಿ ಮುಂದಣ ಅಂಗಳಕ್ಕೆ ಕಟ್ಟಿಕೊಂಡಿದ್ದರು. ಬಿಳಿಯ ಪಂಚೆಗಳ ಮೇಲೆ ಮಸಿ ಕೂರುತ್ತದೆಂದು ಆಗ ಒಮ್ಮೆ ಹೇಳಿದ್ದರಂತೆ, ನಾನು ಕೇಳಿಸಿಕೊಂಡಿರಲಿಲ್ಲ. ಆ ಚಪ್ಪರಕ್ಕೆ ತಾಗಿದ ಕೋಣೆಯಲ್ಲಿಯೇ ಮೊಮ್ಮಗು ಮಲಗುವುದು. ಡೀಸೆಲ್ ಹೊಗೆಯು ಅರ್ಬುದ ರೋಗವನ್ನುಂಟುಮಾಡುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅರ್ಬುದ ಸಂಶೋಧನಾ ಮಂಡಲಿಯು ೨೦೧೨ರಲ್ಲಿಯೇ ನಿರ್ಣಯಿಸಿತು. ಪತ್ರಿಕೆಯಲ್ಲಿ ಅದನ್ನು ಓದಿದ್ದೆ. ನಮ್ಮ ಹಿತ್ತಲಿಗೂ ಆ ನಿರ್ಣಯಕ್ಕೂ ಸಂಬಂಧವುಂಟೆಂದು ತೋರಿರಲಿಲ್ಲ.

ಅವರು “ತಿರುಗಿಸಿದ್ದು” ಎಂದದ್ದು ಪಂಪಿನ ತಿರುಪನ್ನು. ಇದನ್ನು ಸ್ವಲ್ಪ ಬಿಡಿಸಿ ಹೇಳುವೆನು. ಡೀಸೆಲ್ ಯಂತ್ರದಲ್ಲಿ ಎಣ್ಣೆಯನ್ನು ಅಳತೆಯಿಂದ ಒತ್ತಿ ಕೊಡುವ ಪಂಪೊಂದು, ಅದನ್ನು ಸಣ್ಣ ತುಂತುರಾಗಿ ಸಿಡಿಸುವ ನಾಜಲುಗಳು ಕೆಲವು ಇರುತ್ತವೆ. ೧೯೫೧ರಲ್ಲಿ ಸ್ಥಾಪಿತವಾದ ಮೈಕೋ ಸಂಸ್ಥೆಯವರು ಬೆಂಗಳೂರಿನ ಆಡುಗೋಡಿಯಲ್ಲಿ ಇವನ್ನು ತಯಾರಿಸಿ ಪ್ರಸಿದ್ಧರಾದರು. ಆ ಸಂಸ್ಥೆಯ ಹೆಸರು ಬಾಷ್ ಎಂದು ಬದಲಾಗಿದ್ದರೂ ನಮ್ಮ ಮೇಸ್ತ್ರಿಗಳ ಬಾಯಲ್ಲಿ ಇನ್ನೂ ಮೈಕೋ ಎಂಬ ಮಾತೇ ನಿಂತಿದೆ. ಪಂಪಿನಲ್ಲಿ ಎಣ್ಣೆಯ ಗರಿಷ್ಠ ಅಳತೆಯನ್ನು ಗೊತ್ತುಮಾಡುವ ತಿರುಪೊಂದುಂಟು. ಅದಕ್ಕೆ ಮುದ್ರೆ ಹಾಕಿರುತ್ತಾರೆ. ಅಣ್ಣನವರು ಹೋದ ಮರುವರ್ಷ, ಅರಿಸಿನದ ಮೂಟೆ ಹೇರಿದಾಗ ಏರಿನಲ್ಲಿ ಜೀಪು ಎಳೆಯಲೊಲ್ಲದೆಂದು, ಆ ಮುದ್ರೆಯನ್ನು ಒಡೆಸಿ ತಿರುಪನ್ನು ಏರಿಸಿದವನು ನಾನು. ಲಾಟೀನಿನ ಬತ್ತಿಯನ್ನು ಮಿತಿಮೀರಿ ಏರಿಸಿದರೆ ಏನಾಗುವುದೆಂಬುದನ್ನು ಹಳೆಯ ಗೃಹಿಣಿಯರು ಬಲ್ಲರು: ಬೆಳಕು ಹೆಚ್ಚದು, ಗಾಜು ಕಪ್ಪಾಗುವುದು. ಎಣ್ಣೆಗೆ ತಕ್ಕ ಗಾಳಿಯಿಲ್ಲದಿದ್ದರೆ ಅದು ಪೂರ್ತಿಯಾಗಿ ಉರಿಯದೆ ಮಸಿಯಾಗಿ ಹೊರಬೀಳುತ್ತದೆ.

ಹೊಗೆಯ ಬಣ್ಣವನ್ನು ನೋಡಿಯೇ ಅರ್ಧ ರೋಗವನ್ನು ಹೇಳಬಹುದು. ಕಪ್ಪು ಹೊಗೆಯಾದರೆ ಎಣ್ಣೆ ಹೆಚ್ಚು ಅಥವಾ ಗಾಳಿ ಕಡಮೆ. ನೀಲಿಯಾದರೆ ಯಂತ್ರದೊಳಗಣ ಆಯಿಲು ಉರಿಯುತ್ತಿದೆ. ಅದು ಪಿಸ್ಟನ್ನಿನ ಬಳೆಗಳ ಸವೆತವಾಗಿರಬಹುದು, ಖರ್ಚಿನ ಕೆಲಸ. ಬೆಳಗ್ಗೆ ಚಳಿಯಲ್ಲಿ ಬರುವ ಬಿಳಿಯ ಹೊಗೆಗೆ ಹೆದರಬೇಕಾಗಿಲ್ಲ. ಯಂತ್ರ ಕಾದ ಮೇಲೂ ಬಿಳಿಯಾಗಿಯೇ ಇದ್ದರೆ ನೀರು ಒಳಕ್ಕೆ ಸೋರುತ್ತಿದೆಯೋ, ಎಣ್ಣೆ ಸಿಡಿಯುವ ಕಾಲ ತಪ್ಪಿದೆಯೋ ನೋಡಿಸತಕ್ಕದ್ದು. ನಮ್ಮದು ಅಪ್ಪಟ ಕಪ್ಪು. ಗುಂಡ್ಲುಪೇಟೆಯ ಮಹನೀಯರು ತಮ್ಮ ಜೀಪಿನ ಹೊಗೆಯ ಬಣ್ಣವನ್ನು ಬರೆದಿಲ್ಲ. ಗುಜರಿಯ ಮಾತನ್ನು ಎತ್ತುವ ಮೊದಲು ಅದನ್ನು ನೋಡಿಕೊಳ್ಳುವುದು ಲೇಸು.

ಪೇಟೆಯ ವೃದ್ಧ ಮೇಸ್ತ್ರಿಯೊಬ್ಬರು ಮೊದಲು ಕೈಯಿಟ್ಟದ್ದು ಪಂಪಿಗಲ್ಲ, ಗಾಳಿ ಸೋಸುವ ಡಬ್ಬಕ್ಕೆ. ಹಳೆಯ ಜೀಪುಗಳಲ್ಲಿ ಈ ಡಬ್ಬದ ತಳದಲ್ಲಿ ಆಯಿಲು ಇರುತ್ತದೆ. ಒಳಬರುವ ಗಾಳಿಯ ಧೂಳು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಕರಿಕಲ್ಲಿನ ಲಾರಿಗಳು ಓಡಾಡುವ ನಮ್ಮ ಸೀಮೆಯ ರಸ್ತೆಗಳ ಧೂಳನ್ನು ಕುಡಿದು ಕುಡಿದು ಆ ಆಯಿಲು ಗೋಡೆಗೆ ಮೆತ್ತುವ ಕೆಸರಿನಂತಾಗಿತ್ತು. ಮೇಸ್ತ್ರಿಗಳು ಅದನ್ನು ಬೆರಳಿನಿಂದ ತೆಗೆದು ನನಗೆ ತೋರಿಸಿ, “ಮೂಗು ಮುಚ್ಚಿ ಓಡು ಅಂದ್ರೆ ಯಾರು ಓಡ್ತಾರೆ ಸ್ವಾಮಿ?” ಎಂದರು. ಡಬ್ಬವನ್ನು ತೊಳೆದು, ಗೆರೆಯವರೆಗೆ ಹೊಸ ಆಯಿಲು ಹುಯ್ದು, ಡೀಸೆಲ್ ಫಿಲ್ಟರನ್ನೂ ಯಂತ್ರದ ಆಯಿಲನ್ನೂ ಬದಲಾಯಿಸಿ, ಟ್ಯಾಪೆಟ್ಟುಗಳ ಸಂದನ್ನು ಸರಿಮಾಡಿದರು. ಮತ್ತೆ ಅಳೆಸಿದಾಗ ೭೨ ಬಂದಿತು.

ನಾಜಲುಗಳನ್ನು ಬಿಚ್ಚಿ ಪಂಪಿನ ಅಂಗಡಿಯಲ್ಲಿ ಒತ್ತಿ ನೋಡಿದಾಗ ಎರಡು ತುಂತುರು ಹಾಕುವುದಕ್ಕೆ ಬದಲು ಮೂಗಿನ ನೀರಿನಂತೆ ತೊಟ್ಟಿಕ್ಕುತ್ತಿದ್ದವು. ಅವನ್ನು ಬದಲಾಯಿಸಿದ್ದಾಯಿತು. ಉಳಿದದ್ದು ತಿರುಪಿನ ಪ್ರಶ್ನೆ. ಮೇಸ್ತ್ರಿಗಳು ಸಂಕೋಚವಿಲ್ಲದೆ ಕೇಳಿದರು: “ಪರೀಕ್ಷೆಗೆ ಮಟ್ಟಿಗೆ ಇಳಿಸಿ ಆಮೇಲೆ ಏರಿಸಲೋ, ಇಳಿಸಿ ಮುದ್ರೆ ಹಾಕಿಬಿಡಲೋ?” ಮೊದಲನೆಯದೇ ಹೆಚ್ಚು ಜನರ ಪದ್ಧತಿಯೆಂದು ಅವರ ದನಿಯಿಂದಲೇ ತಿಳಿಯುವಂತಿತ್ತು. ಮುದ್ರೆ ಹಾಕಿಸಿದರೆ ಏರಿನಲ್ಲಿ ಹಿಂದಿನ ಭಾರವನ್ನು ಎಳೆಯದು. ಒಂದು ಸಲಕ್ಕೆ ಹೋಗುತ್ತಿದ್ದ ಮೂಟೆಗಳಿಗೆ ಎರಡು ಸಲ ಓಡಾಟ, ಎರಡು ಸಲದ ಡೀಸೆಲು. ಅಣ್ಣನ ಮಗ ಲೆಕ್ಕವನ್ನು ಬಾಯಲ್ಲಿಯೇ ಹೇಳಿ ತೋರಿಸಿದ. ಅವನ ಲೆಕ್ಕ ತಪ್ಪಾಗಿರಲಿಲ್ಲ. ನಾನು ಪಂಚೆಗಳ ಲೆಕ್ಕವನ್ನೂ ಮಗುವಿನ ಕೋಣೆಯ ಕಿಟಕಿಯನ್ನೂ ನೆನೆದು, ಮುದ್ರೆ ಹಾಕಿಸಿಬಿಡಿ ಎಂದೆ. ಅವನು ಆ ಸಂಜೆ ನನ್ನೊಡನೆ ಮಾತನಾಡಲಿಲ್ಲ.

ಇನ್ನೊಂದು ಉಪಾಯವನ್ನು ಮೇಸ್ತ್ರಿಗಳಿಂದ ಕಲಿತೆನು. ಇದು ನ್ಯಾಯವಾದ ಉಪಾಯವೇ. ಹರದನಹಳ್ಳಿಯಿಂದ ಚಾಮರಾಜನಗರಕ್ಕೆ ಹತ್ತೇ ನಿಮಿಷದ ದಾರಿಯಾದುದರಿಂದ ಯಂತ್ರ ಚೆನ್ನಾಗಿ ಕಾಯುವುದಕ್ಕೆ ಮೊದಲೇ ಪರೀಕ್ಷೆಯ ಸ್ಥಳವನ್ನು ಸೇರಿಬಿಡುತ್ತೇವೆ. ತಣ್ಣಗಿರುವ ಯಂತ್ರ ಹೊಗೆಯನ್ನು ಹೆಚ್ಚಾಗಿ ಬಿಡುತ್ತದೆ. ಸೈಲೆನ್ಸರಿನಲ್ಲಿ ತಿಂಗಳುಗಟ್ಟಲೆ ಕೂತಿದ್ದ ಮಸಿಯೂ ಪರೀಕ್ಷೆಯ ಹೊತ್ತಿಗೇ ಹೊರಬೀಳುತ್ತದೆ. ಆದಕಾರಣ ಸಂತೆಮರಹಳ್ಳಿಯವರೆಗೆ ಹೋಗಿ ಹಿಂದಿರುಗಿ, ಯಂತ್ರವನ್ನು ನಿಲ್ಲಿಸದೆ ನೇರವಾಗಿ ಪರೀಕ್ಷೆಗೆ ಒಪ್ಪಿಸಿದೆವು. ಹೊರಡುವ ಮುನ್ನ ಆಯಿಲನ್ನೂ ರೇಡಿಯೇಟರಿನ ನೀರನ್ನೂ ನೋಡಿಕೊಳ್ಳುವುದನ್ನು ಮರೆಯಬಾರದು. ಪೂರ್ತಿ ವೇಗಕ್ಕೆ ಮತ್ತೆ ಮತ್ತೆ ಎಬ್ಬಿಸುವಾಗ ಆಯಿಲು ಕಡಮೆಯಿದ್ದರೆ ಪತ್ರ ದೊರೆತು ಯಂತ್ರ ಹೋದೀತು.

ಈ ಸಲ ೫೧.

ಖರ್ಚನ್ನು ಕೇಳುವ ವಾಚಕರು ಉಂಟು. ನಾಜಲಿಗೂ ಪಂಪಿಗೂ ಕೂಲಿಗೂ ಸೇರಿ, ಗುಜರಿಯವನು ಇಡೀ ಜೀಪಿಗೆ ಕೊಡುವೆನೆಂದಿದ್ದ ಹಣದ ಐದನೆಯ ಒಂದು ಪಾಲು ಹಿಡಿಯಿತು. ಆದರೆ ಮೇಸ್ತ್ರಿಗಳ ಅಭಿಪ್ರಾಯದಂತೆ, ಗಾಳಿಯ ಡಬ್ಬವನ್ನು ತಿಂಗಳಿಗೊಮ್ಮೆ ತೊಳೆಸಿ ತಿರುಪನ್ನು ಮುಟ್ಟದೆ ಬಿಟ್ಟಿದ್ದರೆ ಇದರಲ್ಲಿ ಮುಕ್ಕಾಲು ಉಳಿಯುತ್ತಿತ್ತು. ನೀಲಿ ಹೊಗೆಯ ಜೀಪಾದರೆ ಲೆಕ್ಕ ಬೇರೆಯಾಗುತ್ತದೆ; ಆಗ ಯಂತ್ರವನ್ನು ಪೂರ್ತಿ ಬಿಚ್ಚಿಸಬೇಕಾಗಬಹುದು. ಅಂಥಾದ್ದನ್ನು ಇಟ್ಟುಕೊಳ್ಳಿರೆಂದು ನಾನು ಯಾರಿಗೂ ಹೇಳಲಾರೆ.

ಮೊನ್ನೆ ಅರಿಸಿನವನ್ನು ಎರಡು ಸಲವಾಗಿ ಸಾಗಿಸಿದ್ದಾಯಿತು. ಎರಡನೆಯ ಸಲ ಹಿಂದಿರುಗುವಾಗ ಕತ್ತಲಾಗಿತ್ತು. ಅಣ್ಣನ ಮಗ ಗೊಣಗುತ್ತಲೇ ಇಳಿದ. ಹೊಗೆಯ ಪತ್ರದ ಅವಧಿ ತೀರುವ ತಾರೀಖನ್ನು ಅಡಿಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ, ಅತ್ತಿಗೆಯವರಿಂದಲೇ ಗುರುತು ಹಾಕಿಸಿದ್ದೇನೆ. ಈ ಬೆಳಿಗ್ಗೆ ಹಿತ್ತಲಿಗೆ ಹೋದಾಗ ನೋಡಿದೆ: ಹಗ್ಗವು ಚಪ್ಪರದ ಪಕ್ಕದ ಹಳೆಯ ಗೂಟಕ್ಕೆ ಮತ್ತೆ ಬಂದಿತ್ತು. ಪರೀಕ್ಷೆಗೆಂದು ಒಂದೇ ಒಂದು ಬಿಳಿಯ ವಸ್ತ್ರವನ್ನು ಅದರ ಮೇಲೆ ಹರವಿದ್ದರು.