ಸಚಿತ್ರ ಪರ್ಷಿಯನ್ ಹಸ್ತಪ್ರತಿಯಲ್ಲಿ ಬರಹದ ಸ್ಥಾನ

ಪರ್ಷಿಯನ್ ಕಾವ್ಯಗಳ ಸಚಿತ್ರ ಹಸ್ತಪ್ರತಿಗಳು ಇಂದು ಹೆಸರಾಗಿರುವುದು ಅವುಗಳ ವರ್ಣಚಿತ್ರಗಳಿಂದ. ಅವು ಸಿದ್ಧವಾದ ಆಸ್ಥಾನಗಳಲ್ಲಿ ಮಾತ್ರ ಲಿಪಿಕಾರನ ಸ್ಥಾನ ಚಿತ್ರಕಾರನಿಗಿಂತ ಮೇಲಿತ್ತು. ಕುರಾನನ್ನು ಬರೆದಿಡುವ ವಿದ್ಯೆಯೆಂಬ ಗೌರವ ಇದರ ಹಿಂದಿದೆ. ಖ್ವಾಜೂ ಕಿರ್ಮಾನಿಯ ಕಾವ್ಯಗಳ ಪ್ರತಿಯೊಂದು 1396ರಲ್ಲಿ ಬಾಗ್ದಾದಿನಲ್ಲಿ ಮುಗಿಯಿತು. ಅದನ್ನು ಬರೆದ ಮೀರ್ ಅಲಿ ತಬ್ರೀಜಿಯ ಹೆಸರು ಗ್ರಂಥದ ಸಮಾಪ್ತಿವಾಕ್ಯದಲ್ಲಿದೆ. ಚಿತ್ರಕಾರ ಜುನೈದನ ಹೆಸರನ್ನಾದರೋ ಒಂದು ಚಿತ್ರದೊಳಗಿನ ಅರಮನೆಯ ಕಿಟಕಿಯಲ್ಲಿ ಹುಡುಕಬೇಕು.

ಕೆಲಸ ಸಾಗುತ್ತಿದ್ದ ಬಗೆಯೂ ಇದನ್ನೇ ಹೇಳುತ್ತದೆ. ಕಾಗದಕ್ಕೆ ಗಂಜಿ ಸವರಿ, ನುಣುಪಾದ ಕಲ್ಲಿನಿಂದ ಉಜ್ಜಿ ಹೊಳಪು ಬರಿಸುತ್ತಿದ್ದರು. ದಾರ ಬಿಗಿದ ರಟ್ಟಿನ ಮೇಲೆ ಹಾಳೆಯನ್ನು ಒತ್ತಿದರೆ ಮಸಿಯಿಲ್ಲದ ಗೆರೆಗಳು ಮೂಡುತ್ತಿದ್ದವು. ಲಿಪಿಕಾರ ಜೊಂಡಿನ ಲೇಖನಿಯಿಂದ ಆ ಗೆರೆಗಳ ಮೇಲೆ ಬರೆಯುತ್ತ, ಚಿತ್ರಕ್ಕೆ ಜಾಗ ಬಿಟ್ಟು ಮುಂದೆ ಹೋಗುತ್ತಿದ್ದ. ಚಿತ್ರಕಾರ, ಚಿನ್ನದ ಕೆಲಸದವನು, ಅಂಚಿನ ಗೆರೆ ಎಳೆಯುವವನು ಇವರೆಲ್ಲ ಬರುತ್ತಿದ್ದುದು ಆಮೇಲೆ. ಯಾವ ಚಿತ್ರ ಯಾವ ಪದ್ಯದ ಪಕ್ಕದಲ್ಲಿ ನಿಲ್ಲಬೇಕೆಂಬುದು ಹೀಗೆ ಬರವಣಿಗೆಯ ಲೆಕ್ಕದಲ್ಲೇ ನಿಶ್ಚಯವಾಗುತ್ತಿತ್ತು. ಈ ಲೆಕ್ಕದ ಜಾಣ್ಮೆ ಕಾಣುವುದು ಓರೆ ಸಾಲುಗಳಲ್ಲಿ. ಚಿತ್ರದ ಪುಟ ಬರುವ ಮೊದಲೇ ಪದ್ಯಗಳು ಮುಗಿಯುವಂತಿದ್ದರೆ ಲಿಪಿಕಾರ ಅವುಗಳನ್ನು ಓರೆಯಾಗಿ ಬರೆದು ಹೆಚ್ಚು ಜಾಗ ತುಂಬಿಸುತ್ತಿದ್ದ. ನಡುವೆ ಉಳಿದ ಮುಕ್ಕೋನಗಳಲ್ಲಿ ಹೂಬಳ್ಳಿ, ಬಂಗಾರದ ಎಲೆಗಳು ತುಂಬಿಕೊಳ್ಳುತ್ತಿದ್ದವು. ಬರಿಯ ಸಿಂಗಾರದಂತೆ ತೋರುವ ಈ ಬಳ್ಳಿಗಳು ಹುಟ್ಟಿದ್ದು ಪುಟದ ಅಗತ್ಯದಿಂದ. ಪಳಗಿದ ಓದುಗನಿಗೆ ಓರೆ ಸಾಲು ಕಂಡೊಡನೆ ಮುಂದೆ ಚಿತ್ರವಿದೆಯೆಂದು ತಿಳಿಯುತ್ತಿತ್ತು.

14ನೇ ಶತಮಾನದಲ್ಲಿ ರೂಪುಗೊಂಡ ನಸ್ತಾಲೀಖ್ ಲಿಪಿ ಕಾವ್ಯಕ್ಕೆ ಹೇಳಿ ಮಾಡಿಸಿದಂತಿತ್ತು. ಬಲದಿಂದ ಎಡಕ್ಕೆ ಇಳಿಜಾರಾಗಿ ಸಾಗುವ ಅದರ ಪದಗಳು ಕಿರಿದಾದ ಅಂಕಣದಲ್ಲೂ ಇಕ್ಕಟ್ಟಾಗಿ ಕಾಣುವುದಿಲ್ಲ. ದ್ವಿಪದಿಯ ಎರಡು ಅರ್ಧಗಳು ಅಕ್ಕಪಕ್ಕದ ಅಂಕಣಗಳಲ್ಲಿ ಕೂರುತ್ತವೆ. ಚಿತ್ರದೊಳಗಿನ ಕಂಬ, ಬಾಗಿಲು, ಗೋಡೆಗಳು ಸಹ ಎಷ್ಟೋ ಕಡೆ ಈ ಅಂಕಣಗಳ ಗೆರೆಯನ್ನೇ ಹಿಡಿದು ನಿಂತಿವೆ. ಚಿತ್ರಕಾರನ ಕಲ್ಪನೆಗೆ ಇದರಿಂದ ಕುಂದೇನೂ ಬರಲಿಲ್ಲ. ಚೌಕಟ್ಟನ್ನು ದಾಟಿ ಅಂಚಿಗೆ ನುಗ್ಗುವ ಮರ, ಬಂಡೆ, ಬಾವುಟಗಳು ಅಷ್ಟು ಜೀವಂತವಾಗಿ ಕಾಣುವುದು ಆ ಗೆರೆಗಳು ಇರುವುದರಿಂದಲೇ.

ಇದೇ ಗೌರವ ದಖ್ಖನಿನಲ್ಲೂ ಉಳಿದಿತ್ತು. ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹ ತನ್ನ ‘ಕಿತಾಬ್-ಎ-ನವರಸ್’ ಕೃತಿಯನ್ನು ಅಂದವಾಗಿ ಬರೆದೊಪ್ಪಿಸಿದ ಖಲೀಲುಲ್ಲಾನಿಗೆ ‘ಲೇಖನಿಯ ದೊರೆ’ ಎಂಬ ಬಿರುದು ಕೊಟ್ಟ.

ಚಿತ್ರವೇ ಮುಖ್ಯವೆಂಬ ಆಧುನಿಕ ನೋಟದಿಂದ ಆದ ನಷ್ಟ ದೊಡ್ಡದು. 1520ರ ದಶಕದಲ್ಲಿ ತಬ್ರೀಜಿನಲ್ಲಿ ಆರಂಭವಾದ ಶಾ ತಹಮಾಸ್ಪನ ‘ಶಾಹನಾಮಾ’ ಪ್ರತಿಯಲ್ಲಿ 759 ಹಾಳೆಗಳೂ 258 ಚಿತ್ರಗಳೂ ಇದ್ದವು. 1959ರಲ್ಲಿ ಅದು ಅಮೆರಿಕದ ಒಬ್ಬ ಸಂಗ್ರಾಹಕನ ಕೈಸೇರಿತು. ಆಮೇಲೆ ಚಿತ್ರವಿದ್ದ ಹಾಳೆಗಳು ಒಂದೊಂದಾಗಿ ಸಂಗ್ರಹಾಲಯಗಳಿಗೂ ಹರಾಜಿಗೂ ಹೋದವು. ಉಳಿದ 118 ಚಿತ್ರಗಳು, ಬರಹದ ಹಾಳೆಗಳು ಮತ್ತು ರಟ್ಟು 1994ರಲ್ಲಿ ವಿಲೆಂ ಡಿ ಕೂನಿಂಗನ ಒಂದು ವರ್ಣಚಿತ್ರಕ್ಕೆ ಬದಲಾಗಿ ಇರಾನಿಗೆ ಮರಳಿದವು. ಗೋಡೆಗೆ ತೂಗುಹಾಕಿದ ಬಿಡಿ ಹಾಳೆಯಲ್ಲಿ ರುಸ್ತುಮನ ಯುದ್ಧವೇನೋ ಕಾಣುತ್ತದೆ; ಓದುಗನನ್ನು ಅಲ್ಲಿಗೆ ಕರೆತಂದ ಹಿಂದಿನ ಪುಟದ ಓರೆ ಸಾಲುಗಳು ಬೇರೊಂದು ದೇಶದಲ್ಲಿವೆ.