ಕೋಟಿಯ ಮೋಟಾರಿಗೆ ನಮ್ಮ ಕಾಣಿಕೆ

ಪೇಟೆಯ ದೊಡ್ಡ ಮನೆಗಳಲ್ಲಿ ಈಗ ಒಂದು ಚರ್ಚೆ ನಡೆದಿದೆ. ಕೋಟಿ ರೂಪಾಯಿ ಮೀರಿದ, ಏಳು ಜನ ಕೂರುವ ಭಾರೀ ಮೋಟಾರು ಕೊಳ್ಳಬೇಕು. ಡೀಸೆಲ್ಲಿನದನ್ನು ಕೊಳ್ಳುವುದೋ, ವಿದ್ಯುತ್ತಿನದನ್ನು ಕೊಳ್ಳುವುದೋ? ಪಾಳಿ ಮುಗಿಸಿ ಸೈಕಲ್ ತುಳಿದು ಮನೆ ಸೇರುವವರಿಗೂ, ಸಂತೆಯಲ್ಲಿ ಗಂಟು ಬಿಚ್ಚಿ ಕೂರುವವರಿಗೂ ಈ ಚರ್ಚೆಯಿಂದ ಆಗಬೇಕಾದ್ದೇನು ಎಂದು ಓದುಗರು ಕೇಳಬಹುದು. ಆಗಬೇಕಾದ್ದು ಬಹಳ ಇದೆ. ಆ ಮೋಟಾರಿನ ಲೆಕ್ಕದಲ್ಲಿ ನಮ್ಮ ಕಾಸೂ ಸೇರಿಕೊಂಡಿದೆ.

ಮೊದಲು ವಸ್ತುವನ್ನೇ ನೋಡೋಣ. ಮರ್ಸಿಡಿಸ್ ಕಂಪನಿಯು ಪುಣೆಯ ಬಳಿಯ ಚಾಕಣದಲ್ಲಿ ಎರಡು ಬಗೆಯನ್ನೂ ಜೋಡಿಸುತ್ತದೆ. ಜಿಎಲ್‌ಎಸ್ 450ಡಿ ಎಂಬ ಡೀಸೆಲ್ ಗಾಡಿ 2024ರ ಜನವರಿಯಲ್ಲಿ 1 ಕೋಟಿ 37 ಲಕ್ಷ ರೂಪಾಯಿಗೆ ಮಾರಾಟಕ್ಕೆ ಬಂತು. ಇಕ್ಯೂಎಸ್ 580 ಎಂಬ ವಿದ್ಯುತ್ ಗಾಡಿ ಅದೇ ವರ್ಷ ಸೆಪ್ಟೆಂಬರಿನಲ್ಲಿ 1 ಕೋಟಿ 41 ಲಕ್ಷಕ್ಕೆ ಬಂತು. ಬೆಲೆಯಲ್ಲಿ ಅಣ್ಣ ತಮ್ಮಂದಿರು. ಮೊದಲನೆಯದಕ್ಕೆ 3 ಲೀಟರಿನ ಆರು ಸಿಲಿಂಡರಿನ ಎಂಜಿನು. ಎರಡನೆಯದರ ಹೊಟ್ಟೆಯಲ್ಲಿ 122 ಯೂನಿಟ್ ಹಿಡಿಯುವ ಬ್ಯಾಟರಿ. ಒಮ್ಮೆ ಅದರ ಹೊಟ್ಟೆ ತುಂಬಿಸುವ ವಿದ್ಯುತ್ತಿನಲ್ಲಿ ಗಿರಣಿ ಕೇರಿಯ ಒಂದು ಮನೆ ಎರಡು ತಿಂಗಳು ದೀಪ, ಫ್ಯಾನು, ಟಿವಿ ಎಲ್ಲವನ್ನೂ ನಡೆಸೀತು.

ಓಡಿಸುವ ಖರ್ಚಿನಲ್ಲಿ ವಿದ್ಯುತ್ತಿನದೇ ಗೆಲುವು. ಇಂಥ ಗಾತ್ರದ ಡೀಸೆಲ್ ಗಾಡಿ ಲೀಟರಿಗೆ 10 ಕಿಲೋಮೀಟರು ಓಡಿತೆಂದು, ಲೀಟರಿಗೆ 90 ರೂಪಾಯಿ ಎಂದು ಇಟ್ಟುಕೊಳ್ಳಿ. ತಿಂಗಳಿಗೆ ಸಾವಿರ ಕಿಲೋಮೀಟರಿಗೆ 9,000 ರೂಪಾಯಿ. ವಿದ್ಯುತ್ ಗಾಡಿ ಯೂನಿಟ್ಟಿಗೆ 4 ಕಿಲೋಮೀಟರು ಓಡಿದರೆ 250 ಯೂನಿಟ್ಟು ಸಾಕು. ಯೂನಿಟ್ಟಿಗೆ 6 ರೂಪಾಯಿಯಂತೆ 1,500 ಆಯಿತು. ವರ್ಷಕ್ಕೆ 90,000 ಉಳಿತಾಯ. ಒಂದೂಕಾಲು ಕೋಟಿ ಎಣಿಸಿ ಕೊಡುವವನಿಗೆ ಇದು ಎಲೆ ಅಡಿಕೆಯ ಲೆಕ್ಕ. ಅವನು ಗಾಡಿಯನ್ನು ಆರಿಸುವುದು ಈ ಉಳಿತಾಯಕ್ಕಾಗಿ ಅಲ್ಲವೇ ಅಲ್ಲ.

ಹೊಗೆಯ ವಿಚಾರದಲ್ಲಿ ನ್ಯಾಯವಾಗಿ ಮಾತಾಡಬೇಕು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣವೆಂದು 2012ರಲ್ಲಿ ಸಾರಿತು. ಫೋಕ್ಸ್‌ವ್ಯಾಗನ್ ಕಂಪನಿಯು ಪರೀಕ್ಷೆಯ ಹೊತ್ತಿಗೆ ಮಾತ್ರ ಹೊಗೆ ತಗ್ಗಿಸುವ ಮೋಸದ ಏರ್ಪಾಟನ್ನು ಸುಮಾರು 1 ಕೋಟಿ 10 ಲಕ್ಷ ಡೀಸೆಲ್ ಗಾಡಿಗಳಲ್ಲಿ ಅಡಗಿಸಿದ್ದು 2015ರಲ್ಲಿ ಬಯಲಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ನಮ್ಮ ಸುಪ್ರೀಂ ಕೋರ್ಟು 2000 ಸಿಸಿ ಮತ್ತು ಅದಕ್ಕೆ ಮೇಲ್ಪಟ್ಟ ಡೀಸೆಲ್ ಕಾರುಗಳ ನೋಂದಣಿಯನ್ನು ದಿಲ್ಲಿ ಪ್ರದೇಶದಲ್ಲಿ ತಡೆಯಿತು. ಎಂಟು ತಿಂಗಳ ಮೇಲೆ ಶೇಕಡಾ 1ರ ಹಸಿರು ಶುಲ್ಕ ಕಟ್ಟಿಸಿಕೊಂಡು ಬಿಟ್ಟಿತು. 2020ರ ಏಪ್ರಿಲಿನಿಂದ ಬಂದ ಬಿಎಸ್-6 ನಿಯಮದಿಂದ ಹೊಸ ಡೀಸೆಲ್ ಗಾಡಿಗಳಿಗೆ ಮಸಿ ಹಿಡಿಯುವ ಜಾಲರಿ ಬಂದಿದೆ, ಹೊಗೆ ಬಹಳ ಇಳಿದಿದೆ. ಆ ಜಾಲರಿ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳಲು ಗಾಡಿ ಆಗಾಗ ಹೆದ್ದಾರಿಯಲ್ಲಿ ವೇಗವಾಗಿ ಓಡಬೇಕು. ಮನೆಯಿಂದ ಕ್ಲಬ್ಬಿಗೆ, ಕ್ಲಬ್ಬಿನಿಂದ ಮನೆಗೆ ಓಡಾಡುವ ಧಣಿಗಳ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ. ಪೇಟೆಯ ಬೀದಿಗೆ ವಿದ್ಯುತ್ತಿನದೇ ಮೇಲು. ಅದರ ಹಿಂದೆ ಸೈಕಲ್ ತುಳಿಯುವವನ ಎದೆಗೆ ಹೊಗೆ ಹೋಗುವುದಿಲ್ಲ.

ಆದರೆ ಹೊಗೆ ಎಲ್ಲಿಯೂ ಇಲ್ಲವೆಂದು ಯಾರೂ ಹೇಳಬಾರದು. ದೇಶದ ವಿದ್ಯುತ್ತಿನ ಹೆಚ್ಚು ಪಾಲು ಕಲ್ಲಿದ್ದಲಿನಿಂದ ಬರುತ್ತದೆ. ಒಂದು ಯೂನಿಟ್ಟಿಗೆ ಸುಮಾರು 700 ಗ್ರಾಂ ಇಂಗಾಲಾನಿಲ. ಅಂದರೆ ಈ ಗಾಡಿಯ ಒಂದು ಕಿಲೋಮೀಟರಿಗೆ 175 ಗ್ರಾಂ. ಡೀಸೆಲ್ಲಿನದಕ್ಕೆ ಸುಮಾರು 270. ಕಡಮೆ ನಿಜ, ಸೊನ್ನೆಯಲ್ಲ. ಪಾವಗಡದ ಬಿಸಿಲು ರಾತ್ರಿ ಇರುವುದಿಲ್ಲ, ಧಣಿಗಳ ಗಾಡಿಗೆ ವಿದ್ಯುತ್ತು ತುಂಬುವುದು ರಾತ್ರಿ. ಹೊಗೆ ಧಣಿಗಳ ಬೀದಿ ಬಿಟ್ಟು ರಾಯಚೂರಿನ ಶಕ್ತಿನಗರದ ಕಡೆಗೆ ಹೋಗಿದೆ. ಶರಾವತಿಯ ನೀರಿನಿಂದ ಬರುವ ವಿದ್ಯುತ್ತಿಗೆ ಹೊಗೆಯಿಲ್ಲ. ಅದಕ್ಕಾಗಿ ಊರು ಮುಳುಗಿಸಿಕೊಂಡವರಲ್ಲಿ ಹಲವರು ಇಂದಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ ಎಂಬುದನ್ನು ಇಲ್ಲಿ ಒಂದು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇವೆ.

ಈಗ ತೆರಿಗೆಗೆ ಬರೋಣ. ಸ್ಲೇಟು ಬಳಪ ಹಿಡಿದೇ ಇದನ್ನು ನೋಡಬೇಕು. ಕಂಪನಿಯ ಬೆಲೆ ಒಂದು ಕೋಟಿ ಎಂದು ಹಿಡಿಯಿರಿ. ಡೀಸೆಲ್ ಗಾಡಿಗೆ ಜಿಎಸ್‌ಟಿ ಮತ್ತು ಮೇಲುಕರ ಸೇರಿ ಶೇಕಡಾ 50 ಇತ್ತು. 2025ರ ಸೆಪ್ಟೆಂಬರ್ 22ರಿಂದ ಶೇಕಡಾ 40 ಆಯಿತು. ಐವತ್ತು ಲಕ್ಷದ ತೆರಿಗೆ ನಲವತ್ತಾಯಿತು. ಕೋಟಿ ಕೊಡುವವನಿಗೆ ಹತ್ತು ಲಕ್ಷದ ಉಡುಗೊರೆ! ವಿದ್ಯುತ್ ಗಾಡಿಗೆ 2019ರ ಆಗಸ್ಟಿನಿಂದ ಶೇಕಡಾ 5, ಅಂದರೆ ಐದು ಲಕ್ಷ. ಬೆಲೆ ಎಂಟು ಲಕ್ಷವಾದರೂ ಐದೇ, ಒಂದೂವರೆ ಕೋಟಿಯಾದರೂ ಐದೇ.

ಇನ್ನು ನಮ್ಮ ಕಡೆಯ ಲೆಕ್ಕ. ಸೈಕಲ್ಲಿಗೆ 2025ರ ಸೆಪ್ಟೆಂಬರಿನವರೆಗೆ ಶೇಕಡಾ 12 ತೆರಿಗೆ ಇತ್ತು. ಆರು ವರ್ಷ ಕಾಲ ಈ ದೇಶದಲ್ಲಿ ಸೈಕಲ್ ಕೊಂಡ ಕೂಲಿಕಾರ ನೂರಕ್ಕೆ ಹನ್ನೆರಡು ಕೊಟ್ಟ, ಕೋಟಿಯ ವಿದ್ಯುತ್ ಮೋಟಾರು ಕೊಂಡ ಧಣಿ ನೂರಕ್ಕೆ ಐದು ಕೊಟ್ಟ! ಸೈಕಲ್ಲಿಗಿಂತ ಹೊಗೆಯಿಲ್ಲದ ವಾಹನ ಯಾವುದಿದೆ ಸ್ವಾಮಿ? ಬಟ್ಟೆ ಗಂಟು ಹೊತ್ತು ಸಂತೆಯಿಂದ ಸಂತೆಗೆ ಹೋಗುವ ವ್ಯಾಪಾರಿಯ 80,000 ರೂಪಾಯಿಯ ಮೋಟಾರ್ ಬೈಕಿಗೆ ಶೇಕಡಾ 28ರಂತೆ 22,400 ಬೀಳುತ್ತಿತ್ತು. ಅದೇ ಸೆಪ್ಟೆಂಬರಿನಲ್ಲಿ ಶೇಕಡಾ 18ಕ್ಕೆ ಇಳಿದು 14,400 ಆಯಿತು. ಇಳಿದದ್ದು ಒಳ್ಳೆಯದೇ. ಆದರೂ ಕೋಟಿಯ ಗಾಡಿಯ ದರಕ್ಕಿಂತ ಮೂರು ಪಟ್ಟು ಮೇಲೆ. ನೂರು ಜನರನ್ನು ತುಂಬಿಕೊಂಡು ಹೋಗುವ ಡೀಸೆಲ್ ಬಸ್ಸಿಗೂ 28 ಇದ್ದದ್ದು 18 ಆಗಿದೆ.

ಇಷ್ಟಕ್ಕೆ ಮುಗಿಯಲಿಲ್ಲ. ಇಂಥ ಗಾಡಿಯನ್ನು ಧಣಿಗಳು ಸಾಮಾನ್ಯವಾಗಿ ಕಂಪನಿಯ ಹೆಸರಿನಲ್ಲಿ ಕೊಳ್ಳುತ್ತಾರೆ. 1962ರ ಆದಾಯ ತೆರಿಗೆ ನಿಯಮಗಳು ಸಾಧಾರಣ ಕಾರಿಗೆ ವರ್ಷಕ್ಕೆ ಶೇಕಡಾ 15 ಸವಕಳಿ ಬರೆಯಲು ಬಿಟ್ಟರೆ, ವಿದ್ಯುತ್ ಗಾಡಿಗೆ ಶೇಕಡಾ 40 ಬಿಟ್ಟವು. ಕೋಟಿಯ ಗಾಡಿಯಲ್ಲಿ ಮೊದಲ ವರ್ಷ 40 ಲಕ್ಷ, ಎರಡನೆಯ ವರ್ಷ 24 ಲಕ್ಷ, ಮೂರನೆಯ ವರ್ಷ 14 ಲಕ್ಷ 40 ಸಾವಿರ ಲಾಭದ ಬಾಬ್ತಿನಿಂದ ಹಾರಿಹೋಯಿತು. ಬೋನಸ್ಸು ಕೇಳಲು ಹೋದಾಗ ಲಾಭವೇ ಬರಲಿಲ್ಲವೆಂದು ಧಣಿಗಳು ತೋರಿಸುವ ಪುಸ್ತಕ ಹೇಗೆ ತಯಾರಾಗುತ್ತದೆ ಎಂಬುದಕ್ಕೆ ಇದೊಂದು ಸಣ್ಣ ಪಾಠ.

ಹಳೆಯ ಕತೆಯೂ ಬೇರೆಯಲ್ಲ. 2014ರ ಅಕ್ಟೋಬರಿನವರೆಗೆ ಡೀಸೆಲ್ಲಿನ ಬೆಲೆಯನ್ನು ಸರ್ಕಾರ ತಗ್ಗಿಸಿ ಹಿಡಿದಿತ್ತು; ರೈತನ ಪಂಪ್‌ಸೆಟ್ಟಿಗೆ, ಲಾರಿಗೆ, ಬಸ್ಸಿಗೆ ಎಂದು ಹೆಸರು. ಅದೇ ಕೊಳವೆಯಿಂದ ಅದೇ ದರಕ್ಕೆ ಐಷಾರಾಮಿ ಮೋಟಾರುಗಳೂ ಕುಡಿದವು. ಅಂದು ರೈತನ ಹೆಸರು, ಇಂದು ಗಾಳಿಯ ಹೆಸರು; ಕುಡಿಯುವ ಬಾಯಿ ಒಂದೇ.

ಹಾಗಾದರೆ ವಿದ್ಯುತ್ ವಾಹನಕ್ಕೆ ಉತ್ತೇಜನವೇ ಬೇಡವೇ ಎಂದು ಕೆಲವರು ಕೇಳುತ್ತಾರೆ. ಬೇಕು. ಆಟೋಗೆ ಬೇಕು, ಸಾಮಾನಿನ ಟೆಂಪೋಗೆ ಬೇಕು, ಸ್ಕೂಟರಿಗೆ ಬೇಕು, ಎಲ್ಲಕ್ಕೂ ಮೊದಲು ಬಸ್ಸಿಗೆ ಬೇಕು. ಗೆರೆ ಎಳೆಯಲು ಸರ್ಕಾರಕ್ಕೆ ಬರುವುದಿಲ್ಲವೆಂದಲ್ಲ. 2019ರ ಫೇಮ್ ಎರಡನೆಯ ಯೋಜನೆಯಲ್ಲಿ ಸ್ಕೂಟರಿಗೆ ಒಂದೂವರೆ ಲಕ್ಷ, ಆಟೋಗೆ ಐದು ಲಕ್ಷ ಎಂದು ಬೆಲೆಯ ಮಿತಿ ಹಾಕಿ, ಅದಕ್ಕೆ ಮೇಲ್ಪಟ್ಟವಕ್ಕೆ ಸಹಾಯಧನವಿಲ್ಲವೆಂದಿತು. 2023ರ ಜೂನಿನಲ್ಲಿ ಸ್ಕೂಟರಿನ ಸಹಾಯಧನವನ್ನೇ ಕತ್ತರಿಸಿತು. ಬಡವನ ಸ್ಕೂಟರಿಗೆ ಕತ್ತರಿ ಹುಡುಕಿ ತಂದ ಸರ್ಕಾರಕ್ಕೆ ಧಣಿಯ ಗಾಡಿಗೆ ಹಿಡಿಯಲು ಅದು ಕೈಗೆ ಸಿಗಲಿಲ್ಲ.

ನಮ್ಮ ರಾಜ್ಯ ಸರ್ಕಾರ 2024ರ ಮಾರ್ಚಿನಲ್ಲಿ 25 ಲಕ್ಷ ಮೀರಿದ ವಿದ್ಯುತ್ ಕಾರುಗಳಿಗೆ ಶೇಕಡಾ 10ರ ಆಜೀವ ತೆರಿಗೆ ಹಾಕಿತು. ಅದಕ್ಕೆ ಮುಂಚೆ ಒಂದು ಪೈಸೆಯೂ ಇರಲಿಲ್ಲ. ಮಾಡಿದ್ದು ಸರಿ ಎಂದು ನಾವು ಎದುರು ಪಕ್ಷದಲ್ಲಿದ್ದುಕೊಂಡೇ ಹೇಳುತ್ತೇವೆ. ಆದರೆ ಆ ಹಣ ಖಜಾನೆಯ ಕಡಲಿಗೆ ಬಿದ್ದು ಕರಗಿಹೋಗುತ್ತದೆ.

ಸಾರಿಗೆ ಬಸ್ಸು ಲೀಟರಿಗೆ 5 ಕಿಲೋಮೀಟರು ಓಡಿ 50 ಜನರನ್ನು ಮುಟ್ಟಿಸುತ್ತದೆ. ಒಬ್ಬ ಧಣಿಯನ್ನು ಕೂರಿಸಿಕೊಂಡ ಭಾರೀ ಮೋಟಾರು ಅದೇ ಲೀಟರಿನಲ್ಲಿ ಒಬ್ಬನನ್ನು 10 ಕಿಲೋಮೀಟರು ಒಯ್ಯುತ್ತದೆ. ಇಪ್ಪತ್ತೈದು ಪಟ್ಟು ವ್ಯತ್ಯಾಸ. ಹೊಗೆ ತಗ್ಗಬೇಕೆಂಬ ಮನಸ್ಸು ನಿಜವಾಗಿದ್ದರೆ ಹಣ ಎಲ್ಲಿಗೆ ಹೋಗಬೇಕೆಂದು ನಾಲ್ಕನೆಯ ತರಗತಿಯ ಹುಡುಗನೂ ಹೇಳಿಯಾನು. 2023ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ 10,000 ವಿದ್ಯುತ್ ಬಸ್ಸುಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಇಷ್ಟು ದೊಡ್ಡ ದೇಶಕ್ಕೆ ಹತ್ತು ಸಾವಿರ! ಎರಡನೆಯ ಪಾಳಿ ಬಿಡುವ ಹೊತ್ತಿಗೆ ಗಿರಣಿಯ ಬಾಗಿಲಿಗೆ ಎಷ್ಟು ಬಸ್ಸು ಬರುತ್ತವೆ ಎಂಬುದನ್ನು ಓದುಗರು ನಮಗಿಂತ ಚೆನ್ನಾಗಿ ಬಲ್ಲರು.

ಡೀಸೆಲ್ಲೋ ವಿದ್ಯುತ್ತೋ ಎಂದು ಧಣಿಗಳು ತಮ್ಮ ದುಡ್ಡಿನಲ್ಲಿ ತೀರ್ಮಾನಿಸಿಕೊಳ್ಳಲಿ. ಪೇಟೆಯೊಳಗೆ ಓಡಾಡುವವರು ವಿದ್ಯುತ್ತಿನದನ್ನೇ ಕೊಂಡರೆ ನಮ್ಮ ಎದೆಗೂ ಕ್ಷೇಮ. ನಾವು ಕೇಳುವುದು ಇಷ್ಟೆ: 25 ಲಕ್ಷ ಮೀರಿದ ಯಾವ ಮೋಟಾರಿಗೂ, ಅದು ಯಾವುದರಿಂದ ಓಡಿದರೂ, ಕೇಂದ್ರದ ತೆರಿಗೆ ಒಂದೇ ಆಗಲಿ; ಕಂಪನಿಯ ಹೆಸರಿನ ಕಾರಿನ ಸವಕಳಿಗೆ ಬೆಲೆಯ ಮಿತಿ ಇರಲಿ; ರಾಜ್ಯಕ್ಕೆ ಬರುವ ಶೇಕಡಾ 10ರ ಹಣ ಜಿಲ್ಲಾ ಪಟ್ಟಣಗಳ ಬಸ್ಸಿಗೆಂದೇ ಬೇರೆ ಬಾಬ್ತಿನಲ್ಲಿ ಇರಲಿ. ಈ ಮೂರನ್ನು ಬರೆದ ಮನವಿಗೆ ಗಿರಣಿಯ ಬಾಗಿಲಿನಲ್ಲೂ ಸಂತೆಯಲ್ಲೂ ಸಹಿ ಪಡೆದು, ಮುಂದಿನ ಬಜೆಟ್ಟಿಗೆ ಮುಂಚೆ ಜಿಲ್ಲೆಯ ಶಾಸಕರ ಕೈಗೂ ಸಂಸತ್ ಸದಸ್ಯರ ಕೈಗೂ ಕೊಡುತ್ತೇವೆ. ಅವರು ಯಾವ ಗಾಡಿಯಿಂದ ಇಳಿದು ಅದನ್ನು ತೆಗೆದುಕೊಂಡರು ಎಂಬುದನ್ನು ಇದೇ ಪುಟದಲ್ಲಿ ತಿಳಿಸುತ್ತೇವೆ.