ದುಡ್ಡು ಕಳಿಸಿದರೆ ಮುಗೀತಾ?

ಮೊನ್ನೆ ಆಳಂದಕ್ಕೆ ಹೋಗಿದ್ದೆ. ಲಕ್ವಾ ಹೊಡೆದು ಅಪ್ಪ ಹಾಸಿಗೆ ಹಿಡಿದು ಎಂಟು ತಿಂಗಳಾಯ್ತು. ನಾನು ಬೆಂಗಳೂರಲ್ಲಿ ಕೂತು ತಿಂಗಳಾ ದುಡ್ಡು ಹಾಕ್ತೀನಿ, ರಾತ್ರಿ ಫೋನ್ ಮಾಡಿ "ಗುಳಿಗೆ ಕೊಟ್ರಾ?" ಅಂತ ಕೇಳ್ತೀನಿ. ಎತ್ತೋದು, ಒರೆಸೋದು, ಉಣಿಸೋದು ಎಲ್ಲಾ ತಮ್ಮನ ಹೆಂಡತಿಯದು.

ಈ ಸಲ ಕಲಬುರಗಿಯಿಂದ ಫಿಸಿಯೋಥೆರಪಿಸ್ಟ್ ಒಬ್ಬರನ್ನ ಕರೆಸಿದ್ವಿ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಸೊಂಟ ಬಗ್ಗಿಸದೆ ಮೊಣಕಾಲು ಮಡಚಿ ಎತ್ತಬೇಕು ಅಂತ ಅರ್ಧ ತಾಸಿನಲ್ಲಿ ಮಾಡಿ ತೋರಿಸಿದ್ರು. ಆಕೆ ಸುಮ್ಮನೆ ನೋಡಿ ಅಂದಳು: "ಇದು ಮೊದಲೇ ಯಾರರ ಹೇಳಿದ್ರ ಮಾವಾರ ಬೆನ್ನಿಗಿ ಹುಣ್ಣಾಗ್ತಿರಲಿಲ್ಲ, ನನ್ನ ಸೊಂಟಾನೂ ಉಳೀತಿತ್ತು ಭಾವ."

ಆಸ್ಪತ್ರೆಯಿಂದ ಕಳಿಸುವಾಗ ಗುಳಿಗೆ ಚೀಟಿ ಕೊಟ್ಟಿದ್ರು. ಇದನ್ನ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೆತ್ತವರ ವಿಷಯ ಬಂದರೆ ನಾವೆಲ್ಲ 2007ರ ಹಿರಿಯ ನಾಗರಿಕರ ಕಾಯ್ದೆಯನ್ನ ಎತ್ತಿ ಹಿಡೀತೀವಿ. ಒಳ್ಳೆ ಕಾಯ್ದೆಯೇ. ಮಕ್ಕಳು ನೋಡದಿದ್ದರೆ ಉಪವಿಭಾಗಾಧಿಕಾರಿ ಮುಂದೆ ಅರ್ಜಿ ಹಾಕಬಹುದು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಸಿಗಬಹುದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ಹೊಲ-ಮನೆಯ ದಾನಪತ್ರ ರದ್ದಾಗಬಹುದು. ಆದರೆ ಆಳಂದ, ಅಫಜಲಪುರ, ಜೇವರ್ಗಿ ಮೂರಕ್ಕೂ ಆ ಅಧಿಕಾರಿಯ ಕಚೇರಿ ಇರೋದು ಕಲಬುರಗಿಯಲ್ಲಿ. ಭೀಮೆ ದಂಡೆಯ ಹಳ್ಳಿಯ ಮುದುಕಿ ಕೋಲು ಊರಿಕೊಂಡು ಎಷ್ಟು ಸಲ ಬಸ್ ಹತ್ತಿಯಾಳು? ತಿಂಗಳಿಗೊಮ್ಮೆ ಆ ವಿಚಾರಣೆ ತಾಲ್ಲೂಕಿಗೇ ಬರಬಾರದೇ?

ಇನ್ನೊಂದು ಮಾತು. ಆ ಕಾಯ್ದೆ ಇರೋದು ನೋಡಿಕೊಳ್ಳದ ಮಕ್ಕಳಿಗಾಗಿ. ನೋಡಿಕೊಳ್ಳುತ್ತಲೇ ಸೋತು ಹೋಗುವವರಿಗೆ ಏನಿದೆ? ಸಂಧ್ಯಾ ಸುರಕ್ಷಾ ಪಿಂಚಣಿಯನ್ನ 2021ರಲ್ಲಿ 1,200 ರೂಪಾಯಿಗೆ ಏರಿಸಿದರು. ಅಷ್ಟರಲ್ಲಿ ಮನೆಗೆ ಬಂದು ನೋಡಿಕೊಳ್ಳುವವರು ಯಾರು ಸಿಗ್ತಾರೆ? ನನಗನ್ನಿಸೋದು ಇಷ್ಟೇ: ಹಾಸಿಗೆ ಹಿಡಿದವರನ್ನ ಮನೆಗೆ ಕಳಿಸೋ ಮೊದಲು, ನೋಡಿಕೊಳ್ಳುವವರಿಗೆ ಒಂದು ತಾಸು ಕೈಹಿಡಿದು ಕಲಿಸೋದು ಪ್ರತಿ ತಾಲ್ಲೂಕು ಆಸ್ಪತ್ರೆಯ ಕೆಲಸ ಆಗಬೇಕು. ಇದಕ್ಕೆ ದೊಡ್ಡ ಕಟ್ಟಡ, ಯಂತ್ರ ಏನೂ ಬೇಡ.

ಎಲ್ಲವನ್ನೂ ಸರ್ಕಾರದ ತಲೆಗೆ ಕಟ್ಟಿ ನಾನು ಕೈ ತೊಳೆದುಕೊಳ್ಳೋ ಹಾಗೂ ಇಲ್ಲ. ದೂರ ಇರೋ ನಮ್ಮಂಥವರು ದುಡ್ಡು ಕಳಿಸಿ "ಮಾಡಿದೆ" ಅಂದ್ಕೊಳ್ತೀವಿ. ಎಂಟು ತಿಂಗಳಲ್ಲಿ ಆಕೆ ಒಂದು ದಿನವೂ ತವರಿಗೆ ಹೋಗಿಲ್ಲ ಅನ್ನೋದು ನನಗೆ ಗೊತ್ತಾಗಿದ್ದೇ ಮೊನ್ನೆ.

ಮುಂದಿನ ತಿಂಗಳು ಒಂದು ವಾರ ರಜೆ ಹಾಕಿದ್ದೀನಿ. ಆಕೆ ಜೇವರ್ಗಿಗೆ, ತವರಿಗೆ ಹೋಗ್ತಾಳೆ. ಅಪ್ಪನ ಮಗ್ಗುಲು ಬದಲಿಸೋದು ಈಗ ನನಗೂ ಬರುತ್ತೆ.

ನಿಮ್ಮನೇಲಿ ಯಾರು ಎತ್ತುತ್ತಾರೆ? ಒಮ್ಮೆ ಕೇಳಿ ನೋಡಿ.